ಬಲಗಡೆ ಬೀಳದ ಹೂವು

ನನಗೆ ಡಿಗ್ರಿ ಆಗುವುದಿಲ್ಲ ಎಂದು ಹೇಳಿದ್ದು ಮೇಷ್ಟ್ರಲ್ಲ, ನೆಂಟರಲ್ಲ. ನಮ್ಮೂರ ಬಾಗಿಲ ಗುಡಿಯಲ್ಲಿ ಕೂತಿರುವ ಅಮ್ಮ. ಹೇಳಿದ್ದು ನನ್ನ ಸೋದರತ್ತೆಯ ಬಾಯಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಇಡೀ ಬೀದಿ ಗುಡಿಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿರುವಾಗ.

ಶುಕ್ರವಾರ ಅತ್ತೆಯ ಮೈಮೇಲೆ ಅಮ್ಮ ಬರುತ್ತಿದ್ದಳು. ಅವತ್ತು ನಾನು ಹೊಳೆನರಸೀಪುರದ ಕಾಲೇಜಿಗೆ ಬಿ.ಎ. ಅರ್ಜಿ ಹಾಕಿ ಬಂದಿದ್ದೆ. ಅಪ್ಪ ನನ್ನ ಬೆನ್ನು ಹಿಡಿದು ಮುಂದಕ್ಕೆ ತಳ್ಳಿ, "ಮಗ್ಳು ಓದ್ಬೇಕು ಅಂತವ್ಳೆ ತಾಯಿ, ಒಂದ್ ಮಾತು ಯೋಳು" ಎಂದ. ಸುತ್ತ ಎಲ್ಲರ ಕೈಗಳೂ ಮುಗಿದಿದ್ದವು. ನನ್ನವು ಪಕ್ಕದಲ್ಲಿ ಇಳಿಬಿದ್ದಿದ್ದವು. ಸೊಕ್ಕಿನಿಂದಲ್ಲ, ಎತ್ತಲು ಕಾರಣ ಕಾಣಲಿಲ್ಲ ಅಷ್ಟೆ. ಅತ್ತೆ ಬೇವಿನ ಸೊಪ್ಪನ್ನು ನನ್ನ ತಲೆಯ ಮೇಲೆ ಆಡಿಸಿ ಹೇಳಿದಳು.

"ಓದ್ತದೆ. ಬಸ್ಸು ಅತ್ತದೆ, ಬಸ್ಸು ಇಳೀತದೆ. ಕಾಗದ ಮಾತ್ರ ಇದ್ರ ಕೈಗೆ ಬರಾಕಿಲ್ಲ. ಆಡಿದ್ದೀನಿ, ನೆಪ್ಪಿರ್ಲಿ."

"ಅಮ್ಮನ ಬಾಯಿಂದಾನೇ ಬಂದ್ಮೇಲೆ ಮುಗೀತು. ಬಸ್ ಪಾಸು ಯಾಕೆ ದಂಡ?" ಎಂದಳು ನಮ್ಮ ಎದುರುಮನೆಯಾಕೆ. ನಾಲ್ಕು ಜನ ನಕ್ಕರು. ಅಪ್ಪ ನಗಲಿಲ್ಲ.

ಸಂಜೆ ಅತ್ತೆ ಏನೂ ಆಗದವಳಂತೆ ಮುದ್ದೆ ಕಟ್ಟುತ್ತಿದ್ದಳು. ಮೈಮೇಲೆ ಬಂದಾಗ ಆಡಿದ್ದು ಆಮೇಲೆ ನೆನಪಿರುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ತಟ್ಟೆಗೆ ಸಾರು ಬಿಡುತ್ತಾ, "ಅಮ್ಮ ಏನಂದ್ಲು ಮಗಾ ನಿಂಗೆ?" ಎಂದು ಕೇಳಿದಳು.

"ಬಸ್ಸು ಅತ್ತೀನಂತೆ" ಎಂದೆ.

"ಅಷ್ಟೇಯಾ?"

"ಇಳೀತೀನಂತೆ."

ಅತ್ತೆ ಜೋರಾಗಿ ನಕ್ಕಳು. ಮುಖ ಮಾತ್ರ ಒಲೆಯ ಕಡೆಗೇ ಇತ್ತು.

ನಮ್ಮದು ಅರಕಲಗೂಡು ತಾಲ್ಲೂಕಿನ ಹಳ್ಳಿ. ಅಪ್ಪ ತಂಬಾಕು ಸೊಪ್ಪನ್ನು ಬಿಸಿಗೆ ಒಣಗಿಸುವ ಬ್ಯಾರನ್ ಮನೆಗೆ ಸೌದೆ ಹಾಕುವ ಕೆಲಸದವನು. ಸೊಪ್ಪು ಒಳಗೆ ತೂಗುಬಿದ್ದ ಮೇಲೆ ಬೆಂಕಿ ಬಿಟ್ಟು ಅತ್ತಿತ್ತ ಹೋಗುವ ಹಾಗಿಲ್ಲ, ಹಾಗಾಗಿ ಹಂಗಾಮಿನಲ್ಲಿ ಅವನು ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಅವ್ವ ನನಗೆ ನೆನಪು ಹತ್ತುವ ಮೊದಲೇ ಹೋದಳು. ಸಾಕಿದ್ದು ಅತ್ತೆ. ಅವಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರಂತೆ. ಮಕ್ಕಳಾಗಲಿಲ್ಲ ಎಂದು ಆ ಮನೆಯವರು ಒಂದು ಟ್ರಂಕಿನ ಸಮೇತ ಬಸ್ಸು ಹತ್ತಿಸಿ ಕಳಿಸಿದ್ದರಂತೆ. ತವರಿಗೆ ಬಂದ ಮೇಲೆ ಬೀದಿ ನಲ್ಲಿಯಲ್ಲಿ ಅವಳ ಬಿಂದಿಗೆ ಯಾವಾಗಲೂ ಸಾಲಿನ ಕೊನೆಗೆ. ಆಮೇಲೆ ಅಮ್ಮ ಬರಲು ಶುರುವಾದಳು. ಶುಕ್ರವಾರ ಊರ ಯಜಮಾನರೂ ಅವಳ ಮುಂದೆ ತಲೆಯ ಟವಲು ತೆಗೆದು ನಿಲ್ಲುತ್ತಿದ್ದರು. ಶನಿವಾರ ಬೆಳಿಗ್ಗೆ ಬಿಂದಿಗೆ ಮತ್ತೆ ಕೊನೆಗೇ. ತುಂಬಿದ ಮೇಲೆ ಅದನ್ನು ಅವಳ ಸೊಂಟಕ್ಕೆ ಎತ್ತಿ ಕೊಡುತ್ತಿದ್ದವಳು ನಾನು.

ನಾನು ದೇವರನ್ನು ಬಿಟ್ಟದ್ದಕ್ಕೆ ದೊಡ್ಡ ಕಥೆ ಇಲ್ಲ. ಯಾವ ಭಾಷಣವನ್ನೂ ಕೇಳಿರಲಿಲ್ಲ, ಯಾವ ಪುಸ್ತಕವನ್ನೂ ಓದಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಕೈ ಮುಗಿದು ಕಣ್ಣು ಮುಚ್ಚಿದೆ, ಎದುರಿಗೆ ಯಾರೂ ಇಲ್ಲ ಅನ್ನಿಸಿತು. ಬೀಗ ಹಾಕಿದ ಮನೆಯ ಬಾಗಿಲು ತಟ್ಟುತ್ತಾ ನಿಂತವಳಂತೆ ನಾಚಿಕೆಯಾಯಿತು. ಕೈ ಇಳಿಸಿದೆ. ಮತ್ತೆ ಎತ್ತಲಾಗಲಿಲ್ಲ. ನಾಸ್ತಿಕಳು ಎಂಬ ಪದವನ್ನು ನಮ್ಮೂರಲ್ಲಿ ಯಾರೂ ಬಳಸುವುದಿಲ್ಲ. "ಅದು ಕೈ ಮುಗಿಯಾಕಿಲ್ಲ" ಅನ್ನುತ್ತಾರೆ, "ಅದು ಬದನೆಕಾಯಿ ತಿನ್ನಾಕಿಲ್ಲ" ಎಂದ ಹಾಗೆ. ಎಲ್ಲ ಸರಿಯಿರುವವರೆಗೆ ಅದು ಬದನೆಕಾಯಿಯಷ್ಟೇ ದೊಡ್ಡ ವಿಷಯ.

ಕಾಲೇಜಿನಲ್ಲಿ ನನಗೆ ಸಿಕ್ಕ ಗೆಳತಿ ಹೊಳೆನರಸೀಪುರದ ದಿನಸಿ ಅಂಗಡಿಯ ಮನೆಯವಳು. ಶಿವಭಕ್ತರ ಮನೆ; ಹಣೆಯ ವಿಭೂತಿ ಒಣಗುವ ಮೊದಲೇ ಕ್ಲಾಸಿಗೆ ಬರುತ್ತಿದ್ದಳು. ಪರೀಕ್ಷೆಯ ದಿನ ನನ್ನ ಹಾಲ್‌ಟಿಕೆಟ್ಟನ್ನು ಕಿತ್ತುಕೊಂಡು ತನ್ನದರ ಜೊತೆಗೆ ಕಣ್ಣಿಗೆ ಒತ್ತಿಕೊಳ್ಳುವಳು.

"ನಿನ್ ಪಾಲಿಂದೂ ನಾನೇ ಕೈ ಮುಗ್ದಿದ್ದೀನಿ ಕಣೇ. ಪಾಸಾದ್ರೆ ಮಸಾಲೆ ದೋಸೆ."

"ಫೇಲಾದ್ರೆ?"

"ಫೇಲಾದ್ರೆ ನಿನ್ ತಪ್ಪು. ನಮ್ ಶಿವನ್ನ ಎಳೀಬೇಡ."

ಎರಡನೇ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಅವಳು ನಗಲಿಲ್ಲ. ಅಂಗಡಿಯ ಹಿಂದಿನ ಗೋಡೌನಿನಲ್ಲಿ ಅಕ್ಕಿ ಮೂಟೆಯ ಮೇಲೆ ಕೂರಿಸಿಕೊಂಡು ವಾರಗಟ್ಟಲೆ ಗ್ರಾಮರ್ ಹೇಳಿಕೊಟ್ಟಳು. ಊರಿನಲ್ಲಿ ಮಾತ್ರ ಎದುರುಮನೆಯಾಕೆ, "ಕಾಗದ ಬರಾಕಿಲ್ಲ ಅಂದಿರ್ಲಿಲ್ವಾ?" ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ನೆನಪಿಸಿದಳು.

ಕೊನೆಯ ವರ್ಷದ ದೀಪಾವಳಿಗೆ ಅತ್ತೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಬೆನ್ನು ಉಜ್ಜಿ ಕಂಕುಳ ಕಡೆಗೆ ಕೈ ಬಂದಾಗ ಬೆರಳಿಗೆ ಗಂಟು ಸಿಕ್ಕಿತು. ಎದೆಯ ಅಂಚಿನಲ್ಲಿ, ಹುಣಸೆ ಬೀಜದ ಹಾಗೆ ಗಟ್ಟಿಯಾಗಿ. ಅತ್ತೆ ನನ್ನ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

"ಇದು ಯಾವಾಗಿಂದ ಅತ್ತೆ?"

"ನೀರು ಆಕು. ಆರೋಗ್ತೈತೆ."

ಜಗಳವಾಡಿ, ಊಟ ಬಿಟ್ಟು, ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆಗಳಾದವು. ರಿಪೋರ್ಟು ಬಂದ ದಿನ ಡಾಕ್ಟರಮ್ಮ ಅತ್ತೆಯ ಕಡೆಗೇ ತಿರುಗಿ ಮಾತಾಡಿದರು. ಅವರ ಮೇಜಿನ ಗಾಜಿನ ಕೆಳಗೂ ಒಂದು ದೇವರ ಪಟ ಇತ್ತು.

"ದೊಡ್ಡಮ್ಮ, ಇದನ್ನ ಆಪರೇಷನ್ ಮಾಡಿ ತೆಗೀಬೇಕು. ಈಗ್ಲೇ ಆದ್ರೆ ಒಳ್ಳೇದಾಗುತ್ತೆ."

"ಕುಯ್ಬೇಕಾ?"

"ಹೂಂ."

"ಅಂಗಾರೆ ಒಂದ್ ಮಾತು ಕೇಳ್ಬೇಕು."

"ಯಾರನ್ನ, ಮನೆ ಗಂಡಸರನ್ನಾ?"

"ಅಲ್ಲ ಕಣವ್ವ, ಅಮ್ಮನ್ನ."

ಡಾಕ್ಟರಮ್ಮ ನನ್ನ ಮುಖ ನೋಡಿ, "ಬೇಗ ಕೇಳಿ" ಎಂದರು. ಅಷ್ಟೇ.

ಬರುವಾಗ ಬಸ್ಸಿನಲ್ಲಿ ನಾನು ಬೈದೆ, ಅತ್ತೆ, ನಿನ್ನ ಮೈ, ನಿನ್ನ ಜೀವ, ಇದರಲ್ಲಿ ಕೇಳುವುದೇನು ಎಂದು. ಅವಳು ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ಟು ಇಸಿದುಕೊಂಡು ನಿಧಾನವಾಗಿ ಹೇಳಿದಳು. "ಇದು ನನ್ ಮೈ ಅಲ್ಲ ಮಗಾ. ಅವ್ಳು ಬಂದು ಇಳ್ಕಳೋ ಮನೆ. ಬಾಡ್ಗೆಗಿರೋಳು ಗ್ವಾಡೆ ಒಡೀತೀನಿ ಅಂದ್ರೆ ಒಡತೀನ ಕೇಳ್ಬ್ಯಾಡ್ವಾ?"

ಅಂದಿನಿಂದ ನನ್ನ ಬದುಕು ಒಂದು ಹೂವಿಗೆ ಅಂಟಿಕೊಂಡಿತು. ನಮ್ಮ ಗುಡಿಯಲ್ಲಿ ಅಪ್ಪಣೆ ಕೇಳುವ ರೀತಿ ಹೀಗೆ: ಪೂಜಾರಿ ಅಮ್ಮನ ಎರಡೂ ಭುಜಕ್ಕೆ ಒದ್ದೆ ಸೇವಂತಿಗೆ ಅಂಟಿಸುತ್ತಾನೆ. ಕೇಳುವವರು ಕಾಯುತ್ತಾ ಕೂರುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಯಾವುದೂ ಬೀಳದಿದ್ದರೆ ಅಮ್ಮ ಮಾತಾಡಿಲ್ಲ, ಇನ್ನೊಂದು ಶುಕ್ರವಾರ ಬರಬೇಕು. ಮದುವೆ, ಬೋರ್‌ವೆಲ್ಲು, ಶುಂಠಿ ಬಿತ್ತನೆ ಎಲ್ಲವೂ ಆ ಹೂವಿನ ಮೇಲೆ ನಡೆಯುತ್ತವೆ.

ಮೊದಲ ಶುಕ್ರವಾರ ಅತ್ತೆ ಸ್ಕ್ಯಾನಿನ ದೊಡ್ಡ ಕವರನ್ನೇ ಅಮ್ಮನ ಪಾದದ ಹತ್ತಿರ ಇಟ್ಟಳು. ಪೂಜಾರಿ ಅದಕ್ಕೂ ಕುಂಕುಮ ಹಚ್ಚಿದ. ನಾನು ಆಚೆ, ಚಪ್ಪಲಿಗಳ ಪಕ್ಕ ನಿಂತಿದ್ದೆ. ಎಣ್ಣೆ ಉರಿಯಿತು, ಯಾರದೋ ಮೊಬೈಲು ಹೊಡೆದುಕೊಂಡಿತು, ಮಕ್ಕಳು ಅತ್ತು ಸುಮ್ಮನಾದವು. ಹೂ ಅಲ್ಲಾಡಲಿಲ್ಲ. ಹಾಸನಕ್ಕೆ ಹೋಗಿ ಬಂದ ಮೇಲೆ ಅತ್ತೆಯ ಮೈಮೇಲೂ ಅಮ್ಮ ಬಂದಿರಲಿಲ್ಲ.

"ಯಾರೋ ಅಡ್ಡ ನಿಂತವ್ರೆ" ಎಂದಳು ಎದುರುಮನೆಯಾಕೆ. ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ವರ್ಷ ಬದನೆಕಾಯಿಯಾಗಿದ್ದದ್ದು ಆ ಕ್ಷಣಕ್ಕೆ ಬೇರೆಯೇ ಆಯಿತು.

ಎದುರುಮನೆಯಾಕೆ ಕೆಟ್ಟವಳಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆಗೆ ಕೈ ಎತ್ತಲಾಗದ ದಿನ ನಮ್ಮ ರಾಗಿ ಕೇರಿ, ಬೀಸಿಸಿಕೊಂಡು ಬಂದವಳು ಅವಳೇ. ಅವಳಿಗೆ ಅತ್ತೆ ಬದುಕಬೇಕಿತ್ತು. ಅದಕ್ಕೇ ಸಂಜೆ ನಮ್ಮ ಜಗಲಿಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಮುಂದಿನ್ ಶುಕ್ರವಾರ ಒಂದಿನ ಊರ್ ಗಡಿ ದಾಟಿ ಇದ್ಬುಡು ಕಣವ್ವ. ನಿನ್ ದಮ್ಮಯ್ಯ. ನಿಮ್ಮತ್ತೆ ಜೀವ ಅಲ್ವಾ?"

ನಾನಿದ್ದರೆ ಹೂ ಬೀಳುವುದಿಲ್ಲ ಎಂಬುದು ಸುಳ್ಳು ಎಂದು ನನಗೆ ಗೊತ್ತಿತ್ತು. ನಾನಿಲ್ಲದ ದಿನ ಬಿದ್ದರೂ ಬೀಳಬಹುದು, ಒದ್ದೆ ಹೂವು ತಾನೆ. ಹೋದೆ. ಚನ್ನರಾಯಪಟ್ಟಣದಲ್ಲಿ ಗೆಳತಿಯ ಅಕ್ಕನ ಮನೆ ಇತ್ತು, ಅಲ್ಲಿ ಚೀಲ ಇಟ್ಟು ಬಸ್ ಸ್ಟ್ಯಾಂಡಿಗೆ ಬಂದು ಕೂತೆ, ಅಪ್ಪನ ಫೋನು ಬರುತ್ತಲೇ ಹೊರಡಲು ಸುಲಭವಾಗಲಿ ಎಂದು. ಅತ್ತೆಯನ್ನು ಟ್ರಂಕಿನ ಜೊತೆ ಹತ್ತಿಸಿ ಕಳಿಸಿದ್ದೂ ಅಲ್ಲಿಂದಲೇ. ಮುಂದೆ ಅಮ್ಮ ಮೈಮೇಲೆ ಬರಲಿದ್ದ ಅತ್ತೆಯನ್ನು ಹಡೆಯದವಳು ಎಂದು ಆ ಊರು ಆಚೆ ಹಾಕಿತ್ತು. ಕೈ ಮುಗಿಯದವಳು ಎಂದು ನಮ್ಮೂರು ನನ್ನನ್ನು ಅಲ್ಲಿಗೆ ಕಳಿಸಿತ್ತು. ಮಧ್ಯಾಹ್ನ ದಾಟಿತು. ಅಪ್ಪ ಫೋನು ಮಾಡಿದ.

"ಬೀಳ್ನಿಲ್ಲ ಕಣವ್ವ. ಬಂದ್ಬುಡು."

ನಂಬುವವರಿಗೆ ಇಂಥ ಹೊತ್ತಿನಲ್ಲಿ ಬೇಡಿಕೊಳ್ಳಲು ಒಬ್ಬರಿರುತ್ತಾರೆ. ಬೈಯಲಾದರೂ ಒಬ್ಬರಿರುತ್ತಾರೆ. ನನಗೆ ಬಸ್ಸಿನ ಕಿಟಕಿ ಇತ್ತು. ಅವತ್ತು, ದೇವರಿದ್ದಿದ್ದರೆ ಚೆನ್ನಾಗಿತ್ತು ಎಂದು ಆಸೆಪಟ್ಟೆ. ಆಸೆಪಟ್ಟರೆ ಬರುವಂಥದಲ್ಲ ಅದು.

ಪೂಜಾರಿಯನ್ನು ಹುಡುಕಿಕೊಂಡು ಹೋದೆ. ಹೊಲದಲ್ಲಿ ಶುಂಠಿ ಕೀಳಿಸುತ್ತಿದ್ದ, ಮೈಯೆಲ್ಲ ಕೆಮ್ಮಣ್ಣು. ಆಳುಗಳಿಗೆ ಕೇಳದಂತೆ ಬದುವಿಗೆ ಕರೆದು ಹೇಳಿದೆ. "ಅಣ್ಣಾ, ಬಲಗಡೆ ಹೂವಿಗೆ ಒಂದು ಚೂರು ನೀರು ಕಮ್ಮಿ ಹಾಕಿ ಅಂಟಿಸು. ಅಷ್ಟು ಮಾಡು ಸಾಕು. ಅತ್ತೆ ಆಸ್ಪತ್ರೆಗೆ ಬರ್ತಾಳೆ."

ಅವನು ಒಪ್ಪುತ್ತಾನೆ ಎಂದೇ ನಾನು ಹೋಗಿದ್ದೆ. ಪೂಜಾರಿಗಳು ಅಷ್ಟು ಮಾಡುತ್ತಲೇ ಇರುತ್ತಾರೆ ಎಂದು ನಾನು ಗೆಳತಿಯ ಜೊತೆ ಎಷ್ಟೋ ಸಲ ವಾದ ಮಾಡಿದ್ದೆ. ಅವನು ಕೈಯ ಮಣ್ಣು ಕೊಡವಿಕೊಂಡ.

"ನಿಂಗೇನವ್ವ, ನೀನು ನಂಬಾಕಿಲ್ಲ, ಸುಳ್ಳಾದ್ರೂ ಆಯ್ತದೆ, ನಿಜ ಆದ್ರೂ ಆಯ್ತದೆ. ನಾನು ನಂಬೋನು. ನನ್ ಕೈಲಿ ಎಂಗಾದಾತು?"

"ಅವಳು ಸತ್ತೋಗ್ತಾಳೆ ಅಣ್ಣಾ."

"ನಂಗೂ ಅಕ್ಕನಂಗೆ ಅಲ್ವೇನವ್ವ ಅವ್ಳು?" ಎಂದ. ಕಣ್ಣು ತುಂಬಿಕೊಂಡೇ ಅಂದ. ಆದರೆ ಆಗುವುದಿಲ್ಲ ಎಂದೇ ಅಂದ.

ಶುಕ್ರವಾರಗಳು ಹೋದವು. ಬೇಸಿಗೆ ಬಂತು. ಗಂಟು ದೊಡ್ಡದಾಯಿತು, ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯಂತಾಯಿತು, ಎಡಗೈ ಊದಿಕೊಂಡಿತು. ಅಪ್ಪನನ್ನು ಕೇಳಿದರೆ, "ಅಕ್ಕ ಎಂಗಂದ್ರೆ ಅಂಗೆ" ಎನ್ನುತ್ತಿದ್ದ. ಕೊನೆಗೆ ಒಂದು ದಿನ ಅತ್ತೆಯ ಮುಂದೆ ಕೂತೆ.

"ನಾನು ಕೈ ಮುಗೀತೀನಿ. ಈಗ್ಲೇ ಬರ್ತೀನಿ ಗುಡಿಗೆ. ಉರುಳು ಸೇವೆ ಬೇಕಾದ್ರೂ ಮಾಡ್ತೀನಿ. ಆಸ್ಪತ್ರೆಗೆ ಬಾ."

"ನಂಬ್ಕೆ ಬಂದದಾ?"

ಹೌದು ಎನ್ನಲು ಬಾಯಿ ತೆರೆದೆ. ಅವಳ ಎದುರು ಅದು ಹೊರಡಲಿಲ್ಲ.

"ಬ್ಯಾಡ ಬುಡು" ಎಂದಳು. "ಸುಳ್ ಕೈ ತಕಂಡು ಅವ್ಳೇನ್ ಮಾಡಾಳು? ನೀನ್ ನೀನಾಗೇ ಇರು." ಊದಿದ ಕೈಯನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು. "ಆ ನಿನ್ ಕಾಗದ ಯಾವಾಗ ಬತ್ತದೆ?"

"ಪರೀಕ್ಷೆ ಆಗ್ಬೇಕು, ರಿಸಲ್ಟ್ ಆಗ್ಬೇಕು."

"ಅದು ಬರ್ಲಿ. ಬಂದ ದಿನ ಆಸ್ನಕ್ಕೆ ಓಗಾನ. ಬರ್ದಿದ್ರೆ ಅಮ್ಮನ ಇಷ್ಟ."

ಅಂದರೆ ಕಾಗದ ಬಂದರೆ ದೇವಿಯ ಮಾತು ಬಿದ್ದುಹೋಗುತ್ತದೆ, ಮಾತು ಬಿದ್ದ ದೇವಿಯ ಹೂವಿಗೆ ಇನ್ನು ಕಾಯಬೇಕಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಪ್ರೈಮರಿ ಸ್ಕೂಲು ದಾಟಿದವರಲ್ಲ. ಡಿಗ್ರಿ ಎಂದರೆ ನನಗೆ ಹೆಮ್ಮೆ, ಒಂದು ಕೆಲಸ, ತಲೆಯೆತ್ತಿ ನಡೆಯುವ ದಾರಿ ಅಂದುಕೊಂಡಿದ್ದೆ. ಈಗ ಅದು ಅತ್ತೆಯ ಉಸಿರಾಗಿತ್ತು. ಕೊನೆಯ ಸೆಮಿಸ್ಟರನ್ನು ನಾನು ಓದಲಿಲ್ಲ, ಅಗಿದೆ. ಉಳಿಸಿಕೊಂಡಿದ್ದ ಇಂಗ್ಲಿಷನ್ನೂ ಅದರ ಜೊತೆಗೇ ಬರೆದೆ. ಹಾಲ್‌ಟಿಕೆಟ್ಟನ್ನು ನಾನೇ ಗೆಳತಿಯ ಕೈಗೆ ಕೊಟ್ಟೆ.

"ಏನೇ ಇದು, ನೀನೇ ಕೊಡ್ತಿದ್ದೀಯಾ?" ಎಂದಳು.

"ನೀನು ಕೈ ಮುಗಿ. ನನಗೆ ಬರಲ್ಲ."

ಅವಳು ತಮಾಷೆ ಮಾಡಲಿಲ್ಲ. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು.

ಪಾಸಾದೆ. ಆದರೂ ಕಾಗದ ಬರಲಿಲ್ಲ. ಹಳೆಯ ಪೇಪರಿನ ಅಂಕ ಸೇರಿ ಎಲ್ಲವೂ ಒಟ್ಟಾಗಬೇಕು, ಆಮೇಲೆ ಸರ್ಟಿಫಿಕೇಟು ಎಂದರು. ಮೊಬೈಲಿನಲ್ಲಿ ಫಲಿತಾಂಶ ತೋರಿಸಿದೆ. ಅತ್ತೆ ಪರದೆಯನ್ನು ನೋಡಿ, "ಇದು ಕಾಗದ ಅಲ್ವಲ್ಲ ಮಗಾ" ಎಂದಳು. ಸರಿ. ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಮತ್ತೆ ಮತ್ತೆ ಹೋದೆ. ಆಫೀಸಿನ ಕಿಟಕಿಯಲ್ಲಿ ನನ್ನ ಮುಖ ಕಂಡರೆ ಒಳಗಿನವರು ತಲೆ ಆಡಿಸುತ್ತಿದ್ದರು, ಇನ್ನೂ ಇಲ್ಲ ಎಂದು. ನಮ್ಮತ್ತೆಗೆ ಹುಷಾರಿಲ್ಲ ಬೇಗ ಕೊಡಿ ಎಂದರೆ, ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ ಎಂದು ಕೇಳಿದರು. ಹೇಳಿದ್ದರೂ ಯಾರಿಗೆ ಅರ್ಥವಾಗುತ್ತಿತ್ತು?

ಆ ತಡ ಎಷ್ಟಾಯಿತು ಎಂದು ಆಮೇಲೆ ಹಾಸನದ ಡಾಕ್ಟರಮ್ಮನೇ ಹೇಳಿದರು. ಬೈಯಲಿಲ್ಲ, ಗಂಟಿನ ರೋಗ ಬೆನ್ನುಮೂಳೆಗೂ ಶ್ವಾಸಕೋಶಕ್ಕೂ ಹೋಗಿದೆ ಎಂದು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಅತ್ತೆ ಆ ವರ್ಷದ ರಾಗಿ ಕುಯ್ಲು ನೋಡಿದಳು, ಮುಂದಿನದನ್ನು ನೋಡಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಯಾಕೆಂದರೆ ನನಗೆ ಉಳಿದಿರುವುದು ಅವಳು ಹೋದ ದಿನವಲ್ಲ, ಕಾಗದ ಬಂದ ದಿನ.

ಅವತ್ತು ಕಾಲೇಜಿನ ಕಿಟಕಿಯಲ್ಲಿ ಸಹಿ ಮಾಡಿ ಸರ್ಟಿಫಿಕೇಟು ಇಸಿದುಕೊಂಡವಳು ಗೆಳತಿಗೂ ತೋರಿಸದೆ ಬಸ್ಸು ಹತ್ತಿದೆ. ಪ್ಲಾಸ್ಟಿಕ್ ಕವರಿನಲ್ಲಿ ಎದೆಗೆ ಒತ್ತಿ ಹಿಡಿದಿದ್ದೆ. ಬೀದಿಯಲ್ಲಿ ಬರುವಾಗ ಎದುರುಮನೆಯಾಕೆ ನನ್ನ ಕೈ ನೋಡಿ ಹಿಂದೆಯೇ ಬಂದಳು. ಪೂಜಾರಿಯೂ ಬಂದ. ಅಪ್ಪ ಬಾಗಿಲಲ್ಲಿ ನಿಂತ. ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಊದಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು.

"ತಗೋ ಅತ್ತೆ" ಎಂದು ಅವಳ ಒಳ್ಳೆಯ ಕೈಗೆ ಕೊಟ್ಟೆ.

ಅವಳು ಅದನ್ನು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡಳು. "ಎಲ್ಲೈತೆ ನಿನ್ನೆಸ್ರು?" ಅವಳ ಬೆರಳನ್ನು ಹಿಡಿದು ಹೆಸರಿನ ಮೇಲೆ ಇಟ್ಟೆ. ಬೆರಳು ಅಲ್ಲೇ ಇತ್ತು.

ಎದುರುಮನೆಯಾಕೆಗೆ ತಡೆಯಲಾಗಲಿಲ್ಲ. "ಅಯ್ಯೋ ಶಿವನೇ, ಅಂಗಾರೆ ಅಮ್ಮನ ಮಾತು ಸುಳ್ಳಾಯ್ತಾ?"

ಅತ್ತೆ ತಲೆ ಎತ್ತಿದಳು. ಅದು ಶುಕ್ರವಾರವಲ್ಲ. ಅವಳ ಕಣ್ಣಿನಲ್ಲಿ ಯಾವ ದೇವಿಯೂ ಇರಲಿಲ್ಲ.

"ಅಮ್ಮ ಸುಳ್ಳಾಡಾಕಿಲ್ಲ" ಎಂದಳು. "ಅವತ್ತು ಅವ್ಳು ಬಂದೇ ಇರ್ನಿಲ್ಲ. ಆಡ್ದೋಳು ನಾನು. ಇದು ಓದ್ಬುಟ್ಟು ಒಂಟೋದ್ರೆ ನನ್ ಬಿಂದ್ಗೆ ಎತ್ಕೊಡೋರ್ ಯಾರು ಅಂತ ಅವ್ಳೆಸ್ರು ಇಡ್ಕಂಡು ಆಡ್ಬುಟ್ಟೆ. ಹೂ ಬೀಳ್ದಿದ್ದು ಈ ಕೂಸಿಂದಲ್ಲ, ನನ್ನಿಂದ. ಇನ್ಯಾವ ಮೊಕ ಇಟ್ಕಂಡು ಕೇಳ್ಲಿ ಅವ್ಳನ್ನ? ಏಳ್ಸು ಮಗಾ ನನ್ನ. ಆಸ್ನದ್ ಬಸ್ಸಿಗೆ ಓಗಾನ."